ಕಬ್ಬಿನ ರವದಿಯ ಹೊಗೆಯೂ ಗ್ರಾಮ ಪಂಚಾಯತಿಗಳ ಕರ್ತವ್ಯವೂ

ಘಟಪ್ರಭಾ, ಹಿರಣ್ಯಕೇಶಿ ನದಿಗಳ ನೀರಿನಿಂದ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳಲ್ಲಿ ಕಬ್ಬಿನ ಸಾಗುವಳಿಯು ವಿಸ್ತಾರವಾಗಿ ನಡೆದಿರುವದು. ಆದರೆ ಕಟಾವು ಮುಗಿದೊಡನೆ ಹೊಲದಲ್ಲುಳಿದ ಒಣ ರವದಿಗೆ ಬೆಂಕಿ ಹಚ್ಚುವ ರೂಢಿಯೂ ಬೆಳೆಯೊಡನೆಯೇ ಬೆಳೆದುಬಂದಿದೆ. ಇದರಿಂದ ಹೊಲಕ್ಕೂ ಊರಿಗೂ ಆಗುವ ಹಾನಿಯನ್ನು ಗ್ರಾಮದ ಮುಖಂಡರೂ ಜಮೀನುದಾರರೂ ಲಕ್ಷ್ಯಕ್ಕೆ ತಂದುಕೊಳ್ಳುವದು ಅವಶ್ಯವು.

ಒಕ್ಕಲಿಗರು ರವದಿಯನ್ನು ಸುಡುವದು ಕೇವಲ ಅಜ್ಞಾನದಿಂದಲ್ಲ. ಕೂಳೆ ಕಬ್ಬಿಗೆ ಬೇಗನೆ ನೀರು ಹಾಯಿಸಬೇಕು. ರವದಿಯು ಸಾಲುಗಳಲ್ಲಿ ತುಂಬಿ ನೀರಿಗೆ ಅಡ್ಡವಾಗುವದು. ಅದನ್ನು ತೆಗೆಯಲು ಆಳುಗಳು ಸಿಕ್ಕುವದಿಲ್ಲ. ಕಡ್ಡಿ ಗೀರಿದರೆ ಕೆಲಸ ಮುಗಿಯಿತೆಂದು ತೋರುವದು ಸಹಜವೇ. ಆದರೆ ಎಕರೆಗೆ ಸುಮಾರು 3 ರಿಂದ 4 ಟನ್ ಬೀಳುವ ಈ ರವದಿಯು ಉತ್ತಮ ಗೊಬ್ಬರದ ಮೂಲವಾಗಿದೆ. ಸುಟ್ಟರೆ ಅದರಲ್ಲಿಯ ಸಾರಜನಕದ ಬಹುಭಾಗವು ಗಾಳಿಯ ಪಾಲಾಗುವದು. ಮೇಲ್ಮಣ್ಣಿನ ತೇವವೂ ಜೀವಾಣುಗಳೂ ನಾಶವಾಗುವವು. ಕಿಡಿ ಹಾರಿದರೆ ನೆರೆಯವನ ನಿಂತ ಕಬ್ಬೂ ಮೇವಿನ ಬಣವೆಯೂ ಉರಿದುಹೋಗುವವು.

ಹೊಗೆಯ ಕೇಡು ಇನ್ನೂ ದೊಡ್ಡದು. ಕಟಾವಿನ ಕಾಲವು ಚಳಿಗಾಲದಲ್ಲಿಯೇ ಬರುವದು. ಆಗ ರಾತ್ರಿ ಮತ್ತು ಬೆಳಗಿನ ವೇಳೆ ನೆಲದ ಹತ್ತಿರದ ತಂಪು ಗಾಳಿಯು ಮೇಲೇಳದೆ ಹೊಗೆಯನ್ನು ಹಿಡಿದಿಡುವದು. ಕಣ್ಣಿಗೆ ಕಾಣದ ಮಸಿಕಣಗಳು ಪುಪ್ಪುಸದ ಆಳಕ್ಕೆ ಇಳಿದು ಕೂಸುಗಳನ್ನೂ ವೃದ್ಧರನ್ನೂ ದಮ್ಮಿನವರನ್ನೂ ಬಾಧಿಸುವವು. 2.5 ಮೈಕ್ರಾನಿಗಿಂತ ಸಣ್ಣದಾದ ಇಂಥ ಕಣಗಳು ದಿನದ ಸರಾಸರಿಯಲ್ಲಿ ಘನ ಮೀಟರಿಗೆ 60 ಮೈಕ್ರೊಗ್ರಾಮನ್ನು ಮೀರಬಾರದೆಂದು ಭಾರತದಲ್ಲಿ 2009 ರಲ್ಲಿ ಮಿತಿಯನ್ನು ಗೊತ್ತುಪಡಿಸಲಾಯಿತು. ಹೊಗೆಗೆ ಊರಗಡಿಯಿಲ್ಲ, ಮೂಡಲಗಿಯ ಹೊಲದಲ್ಲೆದ್ದದ್ದು ಗೋಕಾಕದ ಮನೆಗಳಿಗೂ ನುಗ್ಗಬಹುದು. ಆದುದರಿಂದ ಒಂದೇ ಊರಿನ ಕಟ್ಟುಪಾಡು ಸಾಲದು.

ಸ್ಥಳೀಯ ಸಂಸ್ಥೆಗಳು ಏನು ಮಾಡಬಲ್ಲವೆಂಬುದಕ್ಕೆ ಲಂಡನ್ ಪಟ್ಟಣವು ನಿದರ್ಶನವಾಗಿದೆ. 1952 ರ ಡಿಸೆಂಬರದಲ್ಲಿ ಕಲ್ಲಿದ್ದಲಿನ ಹೊಗೆಯು ಮಂಜಿನೊಡನೆ ಕೂಡಿ ಅಲ್ಲಿ ಸಾವಿರಾರು ಜನರು ಮಡಿದರು. 1956 ರ ಕಾಯಿದೆಯು ಹೊಗೆ ನಿಯಂತ್ರಣ ಪ್ರದೇಶಗಳನ್ನು ಸಾರುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿತು. ಅದರೊಡನೆಯೇ ಮನೆಯ ಒಲೆಗಳನ್ನು ಬದಲಿಸಲು ಧನಸಹಾಯವನ್ನೂ ಒದಗಿಸಿತು. ನಿಷೇಧದ ಜೊತೆಗೆ ಬದಲಿ ಮಾರ್ಗವನ್ನೂ ತೋರಿಸಬೇಕೆಂಬುದೇ ಇದರಿಂದ ಕಲಿಯತಕ್ಕ ಪಾಠ. ನಮ್ಮಲ್ಲಿಯೂ 1981 ರ ವಾಯುಮಾಲಿನ್ಯ ಕಾಯಿದೆಯ ಮೇರೆಗೆ ವಾಯುಮಾಲಿನ್ಯ ನಿಯಂತ್ರಣ ಪ್ರದೇಶಗಳಲ್ಲಿ ಉರುವಲಲ್ಲದ ವಸ್ತುಗಳ ಸುಡುವಿಕೆಯನ್ನು ರಾಜ್ಯ ಸರಕಾರವು ಅಧಿಸೂಚನೆಯಿಂದ ನಿಷೇಧಿಸಬಹುದು. ಆದರೆ ಬದಲಿ ಏರ್ಪಾಡು ಊರಿನಲ್ಲಿಯೇ ಆಗತಕ್ಕದ್ದು.

ಅದಕ್ಕಾಗಿ ಈ ಕೆಳಗಿನ ಕ್ರಮಗಳು ಉಪಯುಕ್ತವಾದವು:

1. ಕಟಾವಿಗೆ ಮೊದಲೇ ಗ್ರಾಮಸಭೆಯಲ್ಲಿ ವಿಷಯವನ್ನು ಚರ್ಚಿಸಿ, ರವದಿ ಸುಡಬಾರದೆಂದು ಠರಾವು ಮಾಡುವದು.

2. ಕಟಾವಿನ ಸರದಿಯನ್ನು ಸಕ್ಕರೆ ಕಾರಖಾನೆಯಿಂದ ತಿಳಿದುಕೊಂಡು, ರವದಿ ಪುಡಿಮಾಡುವ ಯಂತ್ರವು ಅದೇ ಸರದಿಯಲ್ಲಿ ಹೊಲಗಳಿಗೆ ಹೋಗುವಂತೆ ಸಹಕಾರಿ ಸಂಘದ ಮೂಲಕ ಏರ್ಪಡಿಸುವದು. ಸಣ್ಣ ಹಿಡುವಳಿದಾರರಿಗೆ ಮೊದಲ ಸರದಿ ಸಲ್ಲಬೇಕು.

3. ರವದಿಯನ್ನು ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಹರಡಿ, ಬಿಟ್ಟ ಸಾಲಿನಲ್ಲಿ ನೀರು ಹಾಯಿಸುವದು. ಒಂದು ಟನ್ ರವದಿಗೆ 8 ಕಿಲೊ ಯೂರಿಯಾ, 10 ಕಿಲೊ ಸಿಂಗಲ್ ಸೂಪರ್ ಫಾಸ್ಫೇಟ್ ಮತ್ತು 1 ಕಿಲೊ ಕೊಳೆಸುವ ಜೀವಾಣುಗಳನ್ನು ಹಾಕಿ ತೇವವಿಟ್ಟರೆ ಅದು ಕ್ರಮೇಣ ಗೊಬ್ಬರವಾಗುವದು.

4. ಸಂಕೇಶ್ವರದ ಕೃಷಿ ಸಂಶೋಧನಾ ಕೇಂದ್ರದ ಇಲ್ಲವೆ ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರದ ತಜ್ಞರನ್ನು ಕರೆಯಿಸಿ ಊರಿನ ಒಂದು ಹೊಲದಲ್ಲಿ ಪ್ರಾತ್ಯಕ್ಷಿಕೆ ಮಾಡಿಸುವದು.

5. ಮೂರು ತಾಲೂಕುಗಳ ಪಂಚಾಯತಿಗಳು ಕಟಾವಿನ ಮುಂಚೆ ಒಟ್ಟಿಗೆ ಕೂಡಿ, ಒಂದೇ ರೀತಿಯ ಕಟ್ಟುಪಾಡನ್ನು ಒಪ್ಪಿಕೊಳ್ಳುವದು.

ಊರಿನ ದೊಡ್ಡ ಜಮೀನುದಾರನು ತನ್ನ ಹೊಲದಲ್ಲಿ ಬೆಂಕಿ ಹಚ್ಚಿ ಬಡ ಒಕ್ಕಲಿಗನಿಗೆ ಬುದ್ಧಿ ಹೇಳಿದರೆ ಯಾರೂ ಕೇಳಲಾರರು. ಮೊದಲನೆಯ ವರ್ಷ ಮುಖಂಡರ ಹೊಲಗಳಲ್ಲಿ ರವದಿಯು ಗೊಬ್ಬರವಾದರೆ, ಎರಡನೆಯ ವರ್ಷ ಇತರರು ತಾವಾಗಿಯೇ ಹಿಂಬಾಲಿಸುವರು. ಮಣ್ಣಿನ ಸತ್ವವೂ ಮಕ್ಕಳ ಉಸಿರೂ ಉಳಿಯುವ ಈ ಕಾರ್ಯವನ್ನು ಬರುವ ಹಂಗಾಮಿನಿಂದಲೇ ಕೈಕೊಳ್ಳುವದು ಉಚಿತವು.