ಎರಡು ಸಿಲಿಂಡರಿನ ಗಾಡಿ ಒಂದರಲ್ಲೇ ಓಡುತ್ತಿದೆಯೇ?

ಕಟ್ಟೆಮಳಲವಾಡಿಯಲ್ಲಿ ಹೊಗೆಸೊಪ್ಪಿನ ಹರಾಜು ಶುರುವಾಯಿತೆಂದರೆ ಸುತ್ತಿನ ಹಳ್ಳಿಗಳ ಹಳೇ ಗಾಡಿಗಳೆಲ್ಲ ಒಂದು ಕಡೆ ಸೇರುತ್ತವೆ. ಅದರಲ್ಲಿ ಜಾವಾ, ಯೆಜ್ಡಿ ಒಂದೆರಡಾದರೂ ಇರುತ್ತವೆ. ಪೇಟೆಯಲ್ಲಿ ಇವನ್ನು ಶೋಕಿಗೆ ಸಾಕುವವರಿದ್ದಾರೆ. ನಮಗೆ ಇವು ದುಡಿಯುವ ಗಾಡಿಗಳು. ಗೊಬ್ಬರದ ಮೂಟೆ, ಹಾಲಿನ ಕ್ಯಾನು, ಬ್ಯಾರನ್ನಿನ ಹತ್ತಿರ ರಾತ್ರಿ ಕಾವಲಿಗೆ ಹೋಗುವವರ ಊಟ, ಎಲ್ಲ ಇದರ ಮೇಲೇ.

ನನ್ನದು ಯೆಜ್ಡಿ 350 ಟ್ವಿನ್. ಅಣ್ಣ ಮೈಸೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು, ಆಮೇಲೆ ನನಗೆ ಬಂತು. ಮಳೆ ನಂಬಿದ ನಾಲ್ಕು ಎಕರೆಯವನಿಗೆ ಹೊಸ ಗಾಡಿ ಅಷ್ಟು ಸುಲಭವಲ್ಲ. ಮೂರು ವರ್ಷದ ಹಿಂದೆ ಇದು ‘ಮಿಸ್ಸಿಂಗ್’ ಹೊಡೆಯಲು ಶುರುವಾಯಿತು. ತೋರಿಸಿದ ಕಡೆ ಒಬ್ಬರು ಶಬ್ದ ಕೇಳಿಯೇ ‘ಬೋರು, ಕ್ರ್ಯಾಂಕು ಎರಡೂ ಮಾಡಿಸಬೇಕು’ ಅಂದರು. ಅವರು ಹೇಳಿದ ದುಡ್ಡು ನನ್ನ ಒಂದು ವರ್ಷದ ಗೊಬ್ಬರದ ಖರ್ಚಿನಷ್ಟಿತ್ತು. ಇಂಜಿನ್ ಬಿಚ್ಚುವ ಮೊದಲು ಮನೆಯಲ್ಲೇ ನೋಡೋಣವೆಂದು ಕೂತೆ. ಕಡೆಗೆ ಸಿಕ್ಕಿದ್ದು ಹೆಬ್ಬೆರಳಿನಷ್ಟು ದೊಡ್ಡ ಒಂದು ಕಂಡೆನ್ಸರ್. ನೋಡಿದ ಕ್ರಮ ಬೇರೆಯವರಿಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಗಾಡಿಯ ಜಾತಿ ತಿಳಿದಿರಲಿ

ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಗಾಡಿ ತಯಾರಾಗುತ್ತಿತ್ತು. 1996ರಲ್ಲಿ ಅದು ಮುಚ್ಚಿತು. ಅಲ್ಲಿಂದ ಬಂದವುಗಳಲ್ಲಿ ಹೆಚ್ಚಿನವು 250 ಸಿಸಿಯವು. ಅವಕ್ಕೆ ಸೈಲೆನ್ಸರ್ ಎರಡಿದ್ದರೂ ಸಿಲಿಂಡರ್ ಒಂದೇ. ಎರಡು ಸೈಲೆನ್ಸರ್ ನೋಡಿ ಟ್ವಿನ್ ಅಂದುಕೊಳ್ಳಬೇಡಿ, ಪ್ಲಗ್ ಎಷ್ಟಿವೆ ಎಣಿಸಿ. 350 ಟ್ವಿನ್ನಿಗೆ ಮಾತ್ರ ಎರಡು ಸಿಲಿಂಡರ್, ಎರಡು ಪ್ಲಗ್.

ಟ್ವಿನ್ನನ್ನು ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತು ಅಂತ ತಿಳಿಯಿರಿ. ಪ್ರತಿ ಸಿಲಿಂಡರಿಗೂ ಬೇರೆ ಪ್ಲಗ್, ಬೇರೆ ಕಾಯಿಲ್, ಬೇರೆ ಪಾಯಿಂಟ್, ಬೇರೆ ಕಂಡೆನ್ಸರ್. ಕಾರ್ಬುರೇಟರ್ ಮಾತ್ರ ಇಬ್ಬರಿಗೂ ಒಂದೇ. ಬ್ಯಾಟರಿಯೂ ಒಂದೇ. ಅರ್ಧ ದೋಷ ಇಲ್ಲೇ ತಿಳಿಯುತ್ತದೆ. ಒಂದೇ ಸಿಲಿಂಡರ್ ಕೈಕೊಟ್ಟರೆ ಬೇರೆ ಬೇರೆ ಇರುವ ಭಾಗಗಳನ್ನು ನೋಡಬೇಕು. ಎರಡೂ ಒಟ್ಟಿಗೆ ಕೆಟ್ಟು ಓಡಿದರೆ ಒಂದೇ ಇರುವ ಭಾಗಗಳನ್ನು ನೋಡಬೇಕು. ನಮ್ಮ ಕಡೆ ಗಾಡಿ ಕೆಮ್ಮಿದರೆ ಸಾಕು, ಮೊದಲು ಕಾರ್ಬುರೇಟರ್ ಬಿಚ್ಚುತ್ತಾರೆ. ಒಂದೇ ಎತ್ತು ಕುಂಟುವಾಗ ಇಬ್ಬರೂ ತಿನ್ನುವ ಮೇವನ್ನು ದೂರಿ ಏನು ಬಂತು?

1983ರಲ್ಲಿ ಬಂದ ರಾಜದೂತ್ 350 ಇಟ್ಟುಕೊಂಡವರಿಗೆ ಒಂದು ಮಾತು. ಅದಕ್ಕೆ ಕಾರ್ಬುರೇಟರೂ ಎರಡು. ಅದರಲ್ಲಿ ಎರಡು ಕೇಬಲ್ಲಿನ ಎಳೆತ ಸಮ ಇದೆಯೇ ಅಂತಲೂ ನೋಡಬೇಕಾಗುತ್ತದೆ.

ಇನ್ನೊಂದು, ಟೂ ಸ್ಟ್ರೋಕ್ ಗಾಡಿ ನಿಂತಲ್ಲಿ ಸಣ್ಣಗೆ ಓಡುವಾಗ ಸ್ವಲ್ಪ ತಪ್ಪಿ ತಪ್ಪಿ ಉರಿಯುವುದು ಅದರ ಹುಟ್ಟುಗುಣ. ಭಾರ ಹೊತ್ತು ಏರು ಹತ್ತುವಾಗಲೂ ತಪ್ಪಿದರೆ ಅದು ರೋಗ.

ಕುಂಟುವ ಎತ್ತು ಯಾವುದು?

ಗಾಡಿ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿ. ಅರ್ಧ ನಿಮಿಷ ಬಿಟ್ಟು ಎರಡೂ ಸೈಲೆನ್ಸರ್ ಬೆಂಡುಗಳ ಮೇಲೆ, ಸಿಲಿಂಡರಿನ ಹತ್ತಿರ, ನೀರು ಚಿಮುಕಿಸಿ. ಉರಿಯುತ್ತಿರುವ ಕಡೆ ನೀರು ಚುರ್ ಎಂದು ಆರುತ್ತದೆ. ಉರಿಯದ ಕಡೆ ಹಾಗೇ ನಿಲ್ಲುತ್ತದೆ. ಕೈಯಿಂದ ಮುಟ್ಟಿ ನೋಡಲು ಹೋಗಬೇಡಿ.

ಬಿಸಿಯಾದ ಮೇಲೆ ಮಾತ್ರ ತಪ್ಪುವ ಗಾಡಿಯಾದರೆ ಹೀಗೆ ಮಾಡಿ. ಇಂಜಿನ್ ನಿಲ್ಲಿಸಿ ಒಂದು ಪ್ಲಗ್ಗಿನ ಕ್ಯಾಪ್ ತೆಗೆಯಿರಿ. ಅದಕ್ಕೆ ಬೇರೊಂದು ಪ್ಲಗ್ ಸಿಕ್ಕಿಸಿ, ಅದರ ಲೋಹದ ಮೈ ಹೆಡ್ಡಿಗೆ ತಾಗುವಂತೆ ಕಟ್ಟಿ. ಪೆಟ್ರೋಲ್ ಸೋರಿಕೆ ಇಲ್ಲವೆಂದು ನೋಡಿಕೊಂಡು ಸ್ಟಾರ್ಟ್ ಮಾಡಿ. ಈಗ ಒಂದೇ ಸಿಲಿಂಡರ್ ಓಡುತ್ತದೆ. ಆಮೇಲೆ ಇನ್ನೊಂದು ಕಡೆಯದನ್ನೂ ಹೀಗೇ ನೋಡಿ. ಓಡುವ ಗಾಡಿಯ ಕ್ಯಾಪನ್ನು ಕೈಯಲ್ಲಿ ಕೀಳುವ ಅಭ್ಯಾಸ ಕೆಲವರಿಗಿದೆ. ಶಾಕ್ ಹೊಡೆಯುತ್ತದೆ, ಕಾಯಿಲಿಗೂ ಕೇಡು.

ನನ್ನ ಗಾಡಿಯಲ್ಲಿ ಬಲಗಡೆ ಸಿಲಿಂಡರ್ ಬೆಳಿಗ್ಗೆ ಸರಿಯಿರುತ್ತಿತ್ತು, ಮೂರು ನಾಲ್ಕು ಕಿಲೋಮೀಟರ್ ಹೋದ ಮೇಲೆ ಸಾಯುತ್ತಿತ್ತು.

ಅದಲುಬದಲೇ ದೊಡ್ಡ ಉಪಾಯ

ಟ್ವಿನ್ ಗಾಡಿಯಲ್ಲಿ ಒಂದು ಲಾಭ ಇದೆ. ಹೋಲಿಸಿ ನೋಡಲು ಸಾಮಾನು ಪಕ್ಕದಲ್ಲೇ ಇರುತ್ತದೆ, ಅಂಗಡಿಗೆ ಓಡಬೇಕಾಗಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ಮೊದಲು ಎರಡು ಪ್ಲಗ್ ಅದಲುಬದಲು ಮಾಡಿ. ದೋಷ ಆಚೆ ಕಡೆಗೆ ಹೋಯಿತೆಂದರೆ ಪ್ಲಗ್ಗೇ ಕೆಟ್ಟಿದೆ. ಹೋಗಲಿಲ್ಲವೆಂದರೆ ಪ್ಲಗ್ ಸರಿ ಇದೆ.

ಆಮೇಲೆ ಕಾಯಿಲ್. ಅದನ್ನು ಬಿಚ್ಚುವುದು ಬೇಡ. ಪಾಯಿಂಟಿನಿಂದ ಕಾಯಿಲಿಗೆ ಬರುವ ಸಣ್ಣ ವೈರುಗಳನ್ನು ಅದಲುಬದಲು ಮಾಡಿ, ಪ್ಲಗ್ಗಿಗೆ ಹೋಗುವ ದಪ್ಪ ವೈರುಗಳನ್ನೂ ಅದಲುಬದಲು ಮಾಡಿ. ಎರಡೂ ಮಾಡಬೇಕು. ಒಂದನ್ನೇ ಮಾಡಿದರೆ ಕಿಡಿ ಬೀಳುವ ಹೊತ್ತು ತಪ್ಪಿ ಗಾಡಿ ಸ್ಟಾರ್ಟೇ ಆಗುವುದಿಲ್ಲ. ದೋಷ ಆಚೆಗೆ ಹೋದರೆ ಕಾಯಿಲ್, ಇಲ್ಲವಾದರೆ ಪಾಯಿಂಟ್ ಅಥವಾ ಕಂಡೆನ್ಸರ್.

ನನ್ನ ಗಾಡಿಯಲ್ಲಿ ಎರಡು ಸಲವೂ ದೋಷ ಬಲಗಡೆಯಲ್ಲೇ ಉಳಿಯಿತು. ಪಾಯಿಂಟಿನ ಮುಚ್ಚಳ ತೆಗೆದು, ಕತ್ತಲಾದ ಮೇಲೆ ಓಡಿಸಿ ನೋಡಿದೆ. ಎಡಗಡೆ ಪಾಯಿಂಟಿನಲ್ಲಿ ಕಿಡಿ ಕಾಣುವುದೇ ಕಷ್ಟ. ಬಲಗಡೆಯದು ಹಬ್ಬದ ಮತಾಪಿನ ಹಾಗೆ ಚಿಮ್ಮುತ್ತಿತ್ತು. ಪ್ಲಗ್ಗಿನಲ್ಲಿ ಬೀಳಬೇಕಾದ ಕಿಡಿ ಪಾಯಿಂಟಿನಲ್ಲಿ ಸುಟ್ಟುಹೋಗುತ್ತಿದೆ ಅಂದರೆ ಕಂಡೆನ್ಸರ್ ಹೋಗಿದೆ. ತಣ್ಣಗಿದ್ದಾಗ ಕೆಲಸ ಮಾಡಿ ಬಿಸಿಯಾದಾಗ ಕೈಬಿಡುವುದು ಹಳೇ ಕಂಡೆನ್ಸರಿನ ಗುಣ. ಕಂಡೆನ್ಸರ್ ಬದಲಿಸಿ, ಸುಟ್ಟ ಪಾಯಿಂಟನ್ನು ನಯವಾದ ಎಮರಿ ಪೇಪರಿನಲ್ಲಿ ತಿಕ್ಕಿ, ಫೀಲರ್ ಗೇಜಿನಿಂದ ಅಂತರ 0.4 ಮಿ.ಮೀ. ಇಟ್ಟೆ. ಅಂತರ ಸರಿಮಾಡಿದ ಮೇಲೆ ಟೈಮಿಂಗ್ ನೋಡಲೇಬೇಕು. ಅಂತರ ಬದಲಾದರೆ ಕಿಡಿಯ ಹೊತ್ತೂ ಬದಲಾಗುತ್ತದೆ. ಎರಡೂ ಸಿಲಿಂಡರಿಗೆ ಬೇರೆ ಬೇರೆಯಾಗಿ ನೋಡಬೇಕು. ಇಷ್ಟಕ್ಕೆ ಗಾಡಿ ಸರಿಹೋಯಿತು. ಬೋರೂ ಮಾಡಿಸಲಿಲ್ಲ, ಕ್ರ್ಯಾಂಕೂ ಮಾಡಿಸಲಿಲ್ಲ.

ಗಾಳಿ ಎಳೆದರೆ ಎಚ್ಚರ

ಕಿಡಿ ಸರಿಯಿದ್ದೂ ಒಂದು ಕಡೆ ಬೇರೆ ಥರ ಓಡಿದರೆ ಪ್ಲಗ್ಗಿನ ಬಣ್ಣ ನೋಡಿ. ಇಟ್ಟಿಗೆಯಂಥ ಕಂದು ಇದ್ದರೆ ಆರೋಗ್ಯ. ಕಪ್ಪಗೆ ಒದ್ದೆಯಾಗಿದ್ದರೆ ಎಣ್ಣೆ ಅಥವಾ ಪೆಟ್ರೋಲ್ ಹೆಚ್ಚು, ಇಲ್ಲವೇ ಕಿಡಿ ಕಮ್ಮಿ. ಸುಣ್ಣದ ಹಾಗೆ ಬಿಳಿಯಾಗಿದ್ದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ.

ಬಿಳಿ ಅಂದರೆ ಆ ಸಿಲಿಂಡರ್ ಎಲ್ಲಿಂದಲೋ ಹೊರಗಿನ ಗಾಳಿ ಎಳೆಯುತ್ತಿದೆ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲಿನ ಜೊತೆಗೇ ಎಣ್ಣೆ ಒಳಗೆ ಹೋಗುವುದು. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಮ್ಮಿಯಾದರೆ ಎಣ್ಣೆಯೂ ಕಮ್ಮಿ, ಶಾಖ ಜಾಸ್ತಿ. ಪಿಸ್ಟನ್ ಜಾಮ್ ಆಗಿ ಹಿಂದಿನ ಚಕ್ರ ನಿಂತುಬಿಡುತ್ತದೆ. ರಸ್ತೆಯಲ್ಲಿ ಹಾಗಾದರೆ ತಕ್ಷಣ ಕ್ಲಚ್ ಹಿಡಿಯಬೇಕು, ಇಲ್ಲದಿದ್ದರೆ ಬೀಳುವುದೇ ಸೈ. ಹೆಂಡತಿ ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹೋಗುವ ಗಾಡಿ ಇದು. ಮಿಸ್ಸಿಂಗ್ ಇದ್ದರೂ ಓಡುತ್ತಲ್ಲ ಅಂತ ಬಿಡಬಾರದು.

ಕಳೆದ ವರ್ಷ ನನ್ನ ಗಾಡಿಯ ಎಡಗಡೆ ಪ್ಲಗ್ ಬಿಳಿಚಿತ್ತು. ಕಾರ್ಬುರೇಟರಿನಿಂದ ಸಿಲಿಂಡರಿಗೆ ಹೋಗುವ ಕವಲಿನ ಪ್ಯಾಕಿಂಗ್ ಸುತ್ತ ಗ್ರೀಸ್ ಮೆತ್ತಿ ಸ್ಟಾರ್ಟ್ ಮಾಡಿದೆ. ಓಟ ಸಮವಾಯಿತು. ಪ್ಯಾಕಿಂಗ್ ಹರಿದಿದೆ ಅಂತ ಗೊತ್ತಾಯಿತು, ಹೊಸದು ಹಾಕಿದೆ. ಕೆಲವರು ಇದಕ್ಕೆ ಪೆಟ್ರೋಲ್ ಚಿಮುಕಿಸಿ ನೋಡುತ್ತಾರೆ, ಬೆಂಕಿಯ ಕೆಲಸ ಅದು, ಬೇಡ.

ಪ್ಯಾಕಿಂಗ್ ಸರಿಯಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲ್ ಮೇಲೆ ಅನುಮಾನ. ಎಡಗಡೆ, ಕ್ಲಚ್ ಇರುವ ಕಡೆಯ ಸೀಲ್ ಹೋದರೆ ಗೇರ್ ಎಣ್ಣೆ ಸಿಲಿಂಡರಿಗೆ ಹೋಗಿ ಎಡಗಡೆ ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬರುತ್ತದೆ, ಗೇರ್ ಎಣ್ಣೆ ಕಮ್ಮಿಯಾಗುತ್ತಾ ಹೋಗುತ್ತದೆ. ಬಲಗಡೆ, ಡೈನಮೊ ಇರುವ ಕಡೆಯ ಸೀಲ್ ಹೋದರೆ ಬರೀ ಗಾಳಿ ಎಳೆಯುತ್ತದೆ. ಈ ಕೆಲಸ ಮಾತ್ರ ಬಲ್ಲವರ ಕೈಯಲ್ಲೇ ಆಗಬೇಕು.

ಎರಡೂ ಕೆಟ್ಟು ಓಡಿದರೆ

ಹೆಡ್‌ಲೈಟ್ ಹಾಕಿದಾಗ ತಪ್ಪಿದರೆ ಬ್ಯಾಟರಿ ಸೋತಿದೆ. ಐದಾರು ಕಿಲೋಮೀಟರ್ ಹೋಗಿ ನಿಂತು, ಟ್ಯಾಂಕಿನ ಮುಚ್ಚಳ ತೆಗೆದ ಕೂಡಲೇ ಸರಿಯಾದರೆ ಮುಚ್ಚಳದ ಗಾಳಿರಂಧ್ರ ಕಟ್ಟಿದೆ. ಈ ಎರಡನ್ನೂ ನೋಡಿದ ಮೇಲೆ ಕಾರ್ಬುರೇಟರ್ ಬಿಚ್ಚಿ.

ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೂ ಎಥನಾಲ್ ಇರುತ್ತದೆ. ಅದು ನೀರು ಹೀರುತ್ತದೆ, ಹಳೇ ಕಾಲದ ರಬ್ಬರನ್ನೂ ಮೆತ್ತಗೆ ಮಾಡುತ್ತದೆ. ನಾಟಿ ಸಮಯದಲ್ಲಿ ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವವರು ನಲ್ಲಿ ಮುಚ್ಚಿ ಕಾರ್ಬುರೇಟರಿನ ಬಟ್ಟಲು ಖಾಲಿ ಮಾಡಿ. ಪೆಟ್ರೋಲ್ ಪೈಪು ಹಳೆಯದಾದರೆ ಈಗಿನ ಪೆಟ್ರೋಲಿಗೆ ತಾಳುವಂಥದ್ದು ಕೇಳಿ ಹಾಕಿ. ನಾನು ಲೀಟರಿಗೆ 40 ಮಿ.ಲೀ. ಟೂ ಟಿ ಎಣ್ಣೆಯನ್ನು ಅಳೆದು ಹಾಕುತ್ತೇನೆ. ಅಂದಾಜಿಗೆ ಸುರಿಯುವುದಿಲ್ಲ.

ಸಾಮಾನು ಎಲ್ಲಿ?

2018ರಲ್ಲಿ ಮತ್ತೆ ಬಂದ ಜಾವಾ, 2022ರಲ್ಲಿ ಬಂದ ಯೆಜ್ಡಿ ಇವೆಲ್ಲ ಫೋರ್ ಸ್ಟ್ರೋಕ್, ಒಂದೇ ಸಿಲಿಂಡರ್. ಅವುಗಳ ಇಂಜಿನ್ ಸಾಮಾನು ನಮ್ಮ ಗಾಡಿಗೆ ಬರುವುದಿಲ್ಲ. ಹಳೇ ಸಾಮಾನನ್ನು ಮೈಸೂರಿನ ಅಂಗಡಿಗಳಲ್ಲಿ ಹುಡುಕಬೇಕು. ಕೆಟ್ಟ ಭಾಗ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಹೊಸದು ಹಾಕಿದ ಮೇಲೂ, ಕೆಲಸ ಮಾಡುತ್ತಿದ್ದ ಹಳೇ ಪ್ಲಗ್, ಕಾಯಿಲ್ ಎಸೆಯಬೇಡಿ. ಪರೀಕ್ಷೆಗೆ ಬೇಕಾಗುತ್ತದೆ.

ಮನೆಯಲ್ಲಿ ಇರಬೇಕಾದ್ದು ಪ್ಲಗ್ ಸ್ಪ್ಯಾನರ್, ಫೀಲರ್ ಗೇಜ್, ಎಮರಿ ಪೇಪರ್, ಒಂದು ಒಳ್ಳೇ ಪ್ಲಗ್, ಒಂದು ಕಂಡೆನ್ಸರ್. ಜೊತೆಗೊಂದು ನೋಟ್‌ಬುಕ್ಕು. ಏನು ಬದಲಿಸಿದಿರಿ, ಆಮೇಲೆ ಏನಾಯಿತು ಬರೆದಿಡಿ. ಗ್ಯಾರೇಜಿಗೆ ಹೋಗಲೇಬೇಕಾಗಿ ಬಂದರೂ ‘ಬಲಗಡೆ ಸಿಲಿಂಡರ್, ಬಿಸಿಯಾದಾಗ, ಕಾಯಿಲ್ ಸರಿಯಿದೆ’ ಅಂತ ಹೇಳುವವರ ಇಂಜಿನ್ನನ್ನು ಯಾರೂ ಸುಮ್ಮನೆ ಬಿಚ್ಚುವುದಿಲ್ಲ.