ಸೀತಾಳೆ ಬಳಗದ ಬೇಲಿಗಳು



ತೋಟದ ನೆರಳಿನ ಮರಗಳಲ್ಲಿ ಸೀತಾಳೆ ದಂಡೆ ತೂಗುವುದನ್ನು ಮಲೆನಾಡಿನವರು ಕಂಡೇ ಇರುತ್ತೀರಿ. ಅದು ಆರ್ಕಿಡ್ ಎಂಬ ದೊಡ್ಡ ಬಳಗದ ಗಿಡ. ಈ ಬಳಗದಲ್ಲಿ ಅಕ್ಕತಂಗಿಯರಂತಿರುವ ಎರಡು ಮೂರು ಜಾತಿಗಳು ಒಂದೇ ಕಾಡಿನಲ್ಲಿ ಒಟ್ಟಿಗೆ ಬೆಳೆಯುವುದುಂಟು. ಆದರೂ ಅವು ಬೆರೆತುಹೋಗುವುದು ಕಡಮೆ. ಪಕ್ಕದ ಹೊಲದ ಮುಸುಕಿನ ಜೋಳದ ಪರಾಗ ಗಾಳಿಯಲ್ಲಿ ಬಂದು ನಮ್ಮ ಬೀಜದ ತಳಿ ಕೆಡಿಸುತ್ತದಲ್ಲವೇ? ಇವಕ್ಕೆ ಹಾಗೇಕೆ ಆಗುವುದಿಲ್ಲ?

‘ಒಂದರ ಪರಾಗ ಇನ್ನೊಂದಕ್ಕೆ ಕೂಡುವುದೇ ಇಲ್ಲವೇನೋ’ ಅಂತ ನೀವು ಅನ್ನಬಹುದು. ಹಾಗಲ್ಲ. ಇಂಗ್ಲೆಂಡಿನಲ್ಲಿ ಜಾನ್ ಡೊಮಿನಿ ಎಂಬ ತೋಟಗಾರ ಕ್ಯಾಲಾಂತೆ ಎಂಬ ಆರ್ಕಿಡ್ಡಿನ ಎರಡು ಜಾತಿಗಳನ್ನು ಕೈಯಿಂದಲೇ ಕೂಡಿಸಿದ. ಆ ಬೆರಕೆ ಗಿಡ 1856ರಲ್ಲಿ ಹೂ ಬಿಟ್ಟಿತು. ಆಮೇಲೆ ಇಂಥ ಬೆರಕೆಗಳು ಸಾವಿರಾರು ಹುಟ್ಟಿವೆ. ಅಂದಮೇಲೆ ಬೇಲಿ ಹೆಚ್ಚಾಗಿ ಇರುವುದು ಬೀಜದೊಳಗಲ್ಲ, ಹೂವಿನ ಬಾಗಿಲಲ್ಲಿ. ಅಂಥ ಮೂರು ಬೇಲಿಗಳನ್ನು ನೋಡೋಣ.

ಮೊದಲನೆಯದು ಕಾಲದ ಬೇಲಿ. ಮಲಯ ನಾಡಿನಲ್ಲಿ ಡೆಂಡ್ರೋಬಿಯಂ ಎಂಬ ಆರ್ಕಿಡ್ಡಿನ ಮೂರು ಜಾತಿಗಳಿವೆ. ಬಿರುಮಳೆ ಬಿದ್ದು ತಂಪಾದರೆ ಮೂರರ ಮೊಗ್ಗೂ ಎಚ್ಚರಗೊಳ್ಳುತ್ತವೆ. ಆದರೆ ಒಂದು ಅರಳುವುದು 8ನೆಯ ದಿನ, ಇನ್ನೊಂದು 9ನೆಯ ದಿನ, ಮತ್ತೊಂದು 10 ಅಥವಾ 11ನೆಯ ದಿನ. ಹೂವಿನ ಆಯುಸ್ಸು ಒಂದೇ ಹಗಲು. ತಂಗಿ ಅರಳುವ ಹೊತ್ತಿಗೆ ಅಕ್ಕ ಬಾಡಿರುತ್ತಾಳೆ, ಭೇಟಿಯೇ ಇಲ್ಲ! ಹೂಮಳೆ ಬಿದ್ದ ಮೇಲೆ ದಿನ ಎಣಿಸುತ್ತ ಕಾಫಿ ಹೂವಿಗೆ ಕಾಯುವ ನಿಮಗೆ ಈ ಲೆಕ್ಕ ಸುಲಭವಾಗಿ ತಿಳಿದೀತು.

ಎರಡನೆಯದು ಜಾಗದ ಬೇಲಿ. ಆರ್ಕಿಡ್ಡಿನ ಪರಾಗ ಸಾಮಾನ್ಯವಾಗಿ ಪುಡಿಯಲ್ಲ, ಅಂಟುವ ಉಂಡೆ. ಯುರೋಪಿನಲ್ಲಿ ಪ್ಲಾಟಾಂಥೆರಾ ಎಂಬ ಆರ್ಕಿಡ್ಡಿನ ಎರಡು ಜಾತಿಗಳಿಗೆ ರಾತ್ರಿಯ ಪತಂಗಗಳು ಬರುತ್ತವೆ. ಒಂದು ಹೂವು ಉಂಡೆಯನ್ನು ಪತಂಗದ ನಾಲಿಗೆಗೆ ಅಂಟಿಸಿದರೆ, ಇನ್ನೊಂದು ಕಣ್ಣಿಗೆ ಅಂಟಿಸುತ್ತದೆ. ಕಣ್ಣಿಗಂಟಿದ್ದು ನಾಲಿಗೆಯ ಹೂವಿಗೆ ಸರಿಯಾಗಿ ತಗಲದು. ಅಪರೂಪಕ್ಕೆ ಬೆರಕೆ ಹುಟ್ಟಿದರೂ ಎರಡು ಕುಲಗಳೂ ಉಳಿದಿವೆ.

ಮೂರನೆಯದು ವಾಸನೆಯ ಬೇಲಿ. ಮೆಡಿಟರೇನಿಯನ್ ಸೀಮೆಯ ಆಫ್ರಿಸ್ ಹೂವು ಹೆಣ್ಣುದುಂಬಿಯ ವಾಸನೆ ಬೀರಿ ಗಂಡುದುಂಬಿಯನ್ನು ಮೋಸಗೊಳಿಸುತ್ತದೆ. ಒಂದು ಜಾತಿಯ ವಾಸನೆಗೆ ಒಂದು ಬಗೆಯ ದುಂಬಿ. ಪಕ್ಕದ ಜಾತಿಗೆ ಬೇರೊಂದು.

ಇದರಿಂದ ನಮಗೇನು ಅಂತೀರಾ? ಯೋಚಿಸಿ. ಬೇಲಿ ಕಾಯುವ ಹುಳುವೇ ಮದುವೆ ಮಾಡಿಸುವ ಪುರೋಹಿತ. ಕಂಡ ಹುಳುವಿಗೆಲ್ಲ ಬಾಗಿಲು ತೆರೆಯದ ಹೂವಿಗೆ, ತನ್ನ ಹುಳು ಅಳಿದರೆ ಕಾಯಿ ಕಚ್ಚುವುದೇ ಕಷ್ಟ. ಆಗ ಕುಲ ಬೆರೆಯುವುದಿರಲಿ, ನಿಂತೇಹೋದೀತು. ಆದ್ದರಿಂದ ತೋಟದಲ್ಲಿ ಹೂ ಅರಳಿ ದುಂಬಿ, ಜೇನು ಆಡುವಾಗ ಕೀಟನಾಶಕ ಹೊಡೆಯಬೇಡಿ. ಮರಗಸಿ ಮಾಡುವಾಗ ಸೀತಾಳೆಯನ್ನು ಬಂದಳಿಕೆಯೆಂದು ಕಿತ್ತೆಸೆಯಬೇಡಿ. ಬಂದಳಿಕೆ ಮರದ ರಸ ಹೀರುತ್ತದೆ. ಸೀತಾಳೆ ತೊಗಟೆಯನ್ನು ಹಿಡಿದು ಕೂತಿರುತ್ತದೆ, ಅಷ್ಟೆ. ಕಡಿದ ಕೊಂಬೆಯಲ್ಲಿ ಸೀತಾಳೆಯಿದ್ದರೆ ಬಿಡಿಸಿ, ಪಕ್ಕದ ಮರಕ್ಕೆ ಬಾಳೆನಾರಿನಿಂದ ಕಟ್ಟಿಬಿಡಿ.