371(ಜೆ) ನಮ್ಮ ಹೆಣ್ಣುಮಕ್ಕಳಿಗೆ ಸಿಗಬೇಕಾದರೆ



"ನಮ್ಮ ಭಾಗ ಹಿಂದುಳಿದದ್ದು, ನಮ್ಮ ಹಣೆಬರಹ ಇಷ್ಟೇ" ಎಂಬ ಮಾತು ಸಂಘದ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಇದು ಹಣೆಬರಹ ಅಲ್ರೀ, ಇದಕ್ಕೆ ಕಾರಣಗಳಿವೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳದ ಸೀಮೆ 1948ರ ಸೆಪ್ಟೆಂಬರ್ 17ರವರೆಗೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಆಡಳಿತವೆಲ್ಲ ಉರ್ದುವಿನಲ್ಲಿ, ಕನ್ನಡ ಶಾಲೆಗಳು ಬಹಳ ಕಡಿಮೆ. 1956ರಲ್ಲಿ ನಾವು ಕನ್ನಡ ನಾಡಿಗೆ ಸೇರುವ ಹೊತ್ತಿಗೆ ಮೈಸೂರು ಸೀಮೆಯಲ್ಲಿ ಕಾಲೇಜು, ಕಾರ್ಖಾನೆ, ಕರೆಂಟು ಎಲ್ಲವೂ ಬಂದಿದ್ದವು.

ಈ ಅಂತರ ಮುಂದೆಯೂ ತುಂಬಲಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯ ಪ್ರಕಾರ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ನಮ್ಮ ವಿಭಾಗದವೇ. ವೈಜನಾಥ ಪಾಟೀಲರಂಥವರ ದೀರ್ಘ ಹೋರಾಟದ ಫಲವಾಗಿ ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ, 2013ರಲ್ಲಿ 371(ಜೆ) ವಿಧಿ ಜಾರಿಗೆ ಬಂತು. ಬಳ್ಳಾರಿ, ವಿಜಯನಗರ ಸೇರಿ ಈಗ ಏಳು ಜಿಲ್ಲೆಗಳಿಗೆ ಇದು ಅನ್ವಯಿಸುತ್ತದೆ.

ಇದರಿಂದ ನಮಗೇನು? ಈ ಭಾಗದ ಕಾಲೇಜುಗಳಲ್ಲಿ ಶೇ. 70ರಷ್ಟು ಸೀಟು ಸ್ಥಳೀಯರಿಗೆ. ಇಲ್ಲಿನ ಸರಕಾರಿ ಕೆಲಸಗಳಲ್ಲಿ 'ಸಿ' ದರ್ಜೆಗೆ ಶೇ. 80, 'ಡಿ' ದರ್ಜೆಗೆ ಶೇ. 85. ದೊಡ್ಡ ಅವಕಾಶವೇ ಸರಿ. ಆದರೆ ಸಿವಿಲ್ ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕಾದರೂ ಪಿಯುಸಿ ಪಾಸಾಗಿರಬೇಕು. 2011ರ ಜನಗಣತಿಯಲ್ಲಿ ರಾಜ್ಯದ ಹೆಣ್ಣುಮಕ್ಕಳ ಸಾಕ್ಷರತೆ ಶೇ. 68, ಯಾದಗಿರಿಯಲ್ಲಿ ಬರೀ 41. ಎಂಟನೆಯದಕ್ಕೆ ಶಾಲೆ ಬಿಟ್ಟ ಹುಡುಗಿಗೆ ಯಾವ ಮೀಸಲಾತಿಯೂ ತಲುಪುವುದಿಲ್ಲ.

ಯಾಕೆ ಬಿಡುತ್ತಾಳೆ? ನಿಮಗೇ ಗೊತ್ತು. ನಮ್ಮ ಹೊಲಗಳಲ್ಲಿ ಹೆಚ್ಚಿನವು ಮಳೆಯನ್ನೇ ನಂಬಿದವು. ಸುಗ್ಗಿ ಮುಗಿದ ಮೇಲೆ ಊರಲ್ಲಿ ಕೂಲಿ ಇಲ್ಲ. ಬೆಂಗಳೂರು, ಪುಣೆ, ಮುಂಬೈಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುವಾಗ ಚಿಕ್ಕ ಕೂಸನ್ನು ನೋಡಿಕೊಳ್ಳಲು ದೊಡ್ಡ ಮಗಳೂ ಜೊತೆಗೆ. ಮಳೆಗಾಲಕ್ಕೆ ತಿರುಗಿ ಬಂದಾಗ ಪಾಠ ಅರ್ಥವಾಗುವುದಿಲ್ಲ, ನಾಚಿಕೆಯಿಂದ ಶಾಲೆಗೆ ಹೋಗುವುದಿಲ್ಲ, ಆಮೇಲೆ ಮದುವೆಯ ಮಾತು.

ಗುಳೆಯನ್ನು ಒಂದು ಸಂಘದಿಂದ ನಿಲ್ಲಿಸಲಾಗದು. ಆದರೆ ಹುಡುಗಿಯನ್ನು ಊರಲ್ಲಿ ಉಳಿಸಬಹುದು. ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಲ್ಲಿ ಊಟ, ವಸತಿ, ಓದು ಎಲ್ಲವೂ ಉಚಿತ. ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿರಿ. ಗುಳೆ ಹೊರಡುವ ಮೊದಲು, ಯಾರ ಮನೆಯ ಮಗಳು ಎಲ್ಲಿ ಇರುತ್ತಾಳೆ ಎಂದು ಸಭೆಯಲ್ಲಿ ಕೇಳಿರಿ. ಅಜ್ಜಿಯ ಹತ್ತಿರ ಬಿಟ್ಟರೆ ಪಕ್ಕದ ಮನೆಯ ಸದಸ್ಯೆ ದಿನಾ ಒಮ್ಮೆ ನೋಡಿ ಬರಲಿ. ಇನ್ನೊಂದು ಮಾತು, ಬೇಸರ ಮಾಡ್ಕೋಬೇಡಿ: ಮಗಳ ಮದುವೆಗೆ ಸಾಲ ಕೇಳಿದರೆ ತಕ್ಷಣ ಠರಾವು ಬರೆಯುತ್ತೇವೆ, ಪಿಯುಸಿ ಫೀಸಿಗೆ ಕೇಳಿದರೆ ಹಿಂದೆ ಮುಂದೆ ನೋಡುತ್ತೇವೆ. ಯಾಕೆ?

371(ಜೆ) ಸವಲತ್ತು ಪಡೆಯಲು ಸಹಾಯಕ ಆಯುಕ್ತರು ಕೊಡುವ ಅರ್ಹತಾ ಪ್ರಮಾಣಪತ್ರ ಬೇಕು. ಸೀಟಿನ ಅರ್ಜಿ ಹಾಕುವ ವಾರದಲ್ಲಿ ಕಚೇರಿಯಿಂದ ಕಚೇರಿಗೆ ಓಡಾಡಬೇಡಿ. ಮಗಳು ಹತ್ತನೆಯದರಲ್ಲಿ ಇರುವಾಗಲೇ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಪಡೆದು, ರೇಷನ್ ಕಾರ್ಡ್, ಆಧಾರ್ ಜೊತೆಗೆ ನಾಡಕಚೇರಿಗೆ ಹೋಗಿ ಕೇಳಿರಿ.